ಅಕ್ಕಿಮುಡಿಯೂ ಫಿರಂಗಿಯೂ

ಮಣಿಪಾಲದ ಮುರಕಲ್ಲಿನ ಗುಡ್ಡದ ಅಂಚಿಗೆ ಹೋಗಿ ನಿಂತವರಿಗೆ ಕೆಳಗೆ ಸ್ವರ್ಣಾ ನದಿಯು ತೆಂಗಿನ ತೋಟಗಳ ನಡುವೆ ಬಳುಕುತ್ತ ಪಡುಗಡಲಿನ ಕಡೆಗೆ ಸಾಗುವುದು ಕಾಣಿಸುತ್ತದೆ. ಸಂಜೆಯ ಹೊತ್ತು ಅಲ್ಲಿಗೆ ಗಾಳಿಸೇವನೆಗೆ ಬರುವ ವಿದ್ಯಾರ್ಥಿಗಳಿಗೂ ಸಂಸಾರವಂದಿಗರಿಗೂ ಅದೊಂದು ರಮ್ಯನೋಟ. ಆದರೆ ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಇದೇ ನದಿಯ ಮುಖದಲ್ಲಿ, ಕಲ್ಯಾಣಪುರದ ದಕ್ಕೆಯಲ್ಲಿ, ಅಕ್ಕಿಮುಡಿಗಳನ್ನು ಹೇರಿಕೊಂಡು ನಿಂತ ದೋಣಿಯ ನಾವಿಕನಿಗೆ ಈ ನೀರು ಅಷ್ಟು ರಮ್ಯವಾಗಿ ತೋರಿರಲಾರದು. ತನ್ನ ಅಕ್ಕಿ ಗೋವೆಗೆ ಹೋಗಬೇಕೆ, ಮಸ್ಕತ್ತಿಗೆ ಹೋಗಬೇಕೆ, ಇಲ್ಲವೆ ದಕ್ಕೆಯಲ್ಲಿಯೇ ಮುಗ್ಗಬೇಕೆ ಎಂಬುದು ಅವನ ಕೈಯಲ್ಲಿರಲಿಲ್ಲ. ಘಟ್ಟದ ಮೇಲೆ ಬಿದನೂರಿನಲ್ಲಿ ಕುಳಿತ ನಾಯಕ ಅರಸನೊಬ್ಬನು ಒಂದು ಕಡೆಯಿಂದಲೂ, ಗೋವೆಯಲ್ಲಿ ಕುಳಿತ ಪೋರ್ಚುಗೀಜ ವೈಸರಾಯನೊಬ್ಬನು ಇನ್ನೊಂದು ಕಡೆಯಿಂದಲೂ ಅವನ ದೋಣಿಯ ಹಗ್ಗವನ್ನು ಎಳೆಯುತ್ತಿದ್ದರು.

ಎರಡು ಪ್ರಬಲ ರಾಜ್ಯಗಳು ಗಡಿಯ ಎರಡು ಬದಿಗಳಲ್ಲಿ ಆಯುಧ ಹಿಡಿದು ನಿಂತು, ಹೊಡೆಯದೆ, ಆದರೆ ಹೊಡೆದೇವೆಂಬ ಭಯವನ್ನು ಮಾತ್ರ ಜೀವಂತವಾಗಿರಿಸಿಕೊಂಡು ಮಾತುಕತೆ ನಡೆಸುವುದು ನಮ್ಮ ಕಾಲದ ಕಂಡುಹಿಡಿತವೆಂದು ಹಲವರು ತಿಳಿದಿರುವರು. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಭೂರಾಜಕೀಯವನ್ನೂ ಅಂತರರಾಷ್ಟ್ರೀಯ ಸಂಬಂಧಗಳನ್ನೂ ಕಲಿಸುವ ಒಂದು ವಿಭಾಗವೇ ಇಂದು ಇದೆ. ಆದರೆ ಆ ಗುಡ್ಡದ ಬುಡದಲ್ಲಿಯೇ, ಬಾರಕೂರಿನಿಂದ ಕಾಪುವಿನವರೆಗಿನ ಈ ಕಿರಿದಾದ ಕರಾವಳಿಯಲ್ಲಿ, ಈ ಪಾಠವು ಸುಮಾರು ಎರಡು ಶತಮಾನಗಳ ಕಾಲ ಕಲ್ಲಿನಲ್ಲಿಯೂ ಕಾಗದದಲ್ಲಿಯೂ ನಡೆದುಹೋಗಿದೆ. ಕಲ್ಲಿನಲ್ಲಿ ನಡೆದುದು ಕೋಟೆ. ಕಾಗದದಲ್ಲಿ ನಡೆದುದು ಕೌಲು.

ನಮ್ಮ ಹಿರಿಯರಿಗೆ ಇವೆರಡೂ ಬೇರೆಬೇರೆ ವಿದ್ಯೆಗಳೆಂದು ತೋರಿರಲಿಲ್ಲ. ಚಾಲುಕ್ಯರ, ಹೊಯ್ಸಳರ ಶಾಸನಗಳನ್ನು ಓದಿದವರಿಗೆ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಪರಿಚಯವಿರುತ್ತದೆ. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಯುದ್ಧ. ಎರಡಕ್ಕೂ ಒಬ್ಬನೇ ಮಂತ್ರಿ! ಇಂದಿನ ಸರಕಾರಗಳು ಇವೆರಡನ್ನು ಎರಡು ಕಟ್ಟಡಗಳಲ್ಲಿ ಇಟ್ಟು, ನಡುವೆ ಕಡತಗಳನ್ನು ಓಡಾಡಿಸುತ್ತವೆ. ಒಬ್ಬನೇ ಮನುಷ್ಯನ ತಲೆಯೊಳಗೆ ಕತ್ತಿಯೂ ಲೇಖನಿಯೂ ಇದ್ದಾಗ ಕಡತವು ಬೇಗ ಸಾಗುತ್ತಿದ್ದಿರಬಹುದು.

ನೆಲದ ಒಡೆಯ, ನೀರಿನ ಒಡೆಯ

ಪೋರ್ಚುಗೀಜರ ಬಲವು ಕಡಲಿನಲ್ಲಿತ್ತು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಮಲ್ಪೆಯ ಎದುರಿನ ದ್ವೀಪದಲ್ಲಿ ಒಂದು ಕಲ್ಲುಕಂಬವನ್ನು ನೆಟ್ಟು ಅದಕ್ಕೆ ಸಂತ ಮರಿಯಳ ಹೆಸರಿಟ್ಟನೆಂದು ಹೇಳುತ್ತಾರೆ. ಆ ಹೆಸರು ಇಂದಿಗೂ ಉಳಿದಿದೆ. ಅಲ್ಲಿಂದ ಮುಂದೆ ಅವರ ಹಡಗುಗಳು ಈ ಸಮುದ್ರವನ್ನು ತಮ್ಮ ಅಂಗಳವೆಂದು ಭಾವಿಸಿದುವು. ಅವರ ರಹದಾರಿ ಚೀಟಿಯಿಲ್ಲದೆ ಯಾವ ವರ್ತಕನ ಹಡಗೂ ಸಂಚರಿಸುವಂತಿರಲಿಲ್ಲ. ಸಿಕ್ಕಿಬಿದ್ದರೆ ಸರಕೂ ಹೋಯಿತು, ಹಡಗೂ ಹೋಯಿತು. 1568ರಲ್ಲಿ ಮಂಗಳೂರಿನಲ್ಲಿಯೂ, ಮರುವರ್ಷ ಹೊನ್ನಾವರ ಮತ್ತು ಬಸರೂರುಗಳಲ್ಲಿಯೂ ಅವರ ಕೋಟೆಗಳು ನೆಲೆಯೂರಿದುವು. ಮೂರು ಕೋಟೆಗಳೂ ನದಿಗಳು ಕಡಲಿಗೆ ಬೀಳುವ ಬಾಯಿಗಳ ಬಳಿಯಲ್ಲಿಯೇ ಇದ್ದುವೆಂಬುದನ್ನು ಗಮನಿಸಬೇಕು. ನಾಡನ್ನು ಆಳುವ ಆಸೆ ಅವರಿಗಿರಲಿಲ್ಲ; ನಾಡಿನ ಗಂಟಲನ್ನು ಹಿಡಿದಿದ್ದರೆ ಸಾಕಾಗಿತ್ತು.

ಇಷ್ಟು ಬಲವಿದ್ದವರಿಗೆ ಭಯವೇತರದು? ಹೊಟ್ಟೆಯದು. ಗೋವೆಯ ನೆಲವು ಗೋವೆಯ ಜನಕ್ಕೆ ಸಾಲುವಷ್ಟು ಅಕ್ಕಿಯನ್ನು ಬೆಳೆಯುತ್ತಿರಲಿಲ್ಲ. ವೈಸರಾಯನ ಅರಮನೆಯಿಂದ ಹಿಡಿದು ಹಡಗಿನ ಕೂಲಿಯವನವರೆಗೆ ಎಲ್ಲರ ಅನ್ನವೂ ಕನ್ನಡ ಕರಾವಳಿಯಿಂದಲೇ ಬರಬೇಕಾಗಿತ್ತು. ತುಳುನಾಡಿನ ಏಣೆಲು ಬೆಳೆ ಕೊಯ್ಲಾಗಿ, ಬತ್ತ ಕುಟ್ಟಿ, ಹುಲ್ಲುಹಗ್ಗದಿಂದ ಬಿಗಿದ ಮುಡಿಗಳಾಗಿ ಬಸರೂರು, ಬಾರಕೂರು, ಕಲ್ಯಾಣಪುರಗಳ ದಕ್ಕೆಗಳಿಗೆ ಇಳಿಯುತ್ತಿತ್ತು. ಅಲ್ಲಿಂದ ಅಕ್ಕಿಯ ದೋಣಿಗಳು ಸಾಲುಗಟ್ಟಿ, ಯುದ್ಧನೌಕೆಗಳ ಕಾವಲಿನಲ್ಲಿ, ಗೋವೆಗೆ ಹೊರಡುತ್ತಿದ್ದುವು. ಕಾವಲು ಮಲಬಾರದ ಕಡಲುಗಳ್ಳರಿಂದ ರಕ್ಷಣೆಗೆಂದು ಹೇಳಿಕೆ. ದೋಣಿಗಳು ಬೇರೆ ಕಡೆಗೆ ತಿರುಗದಂತೆ ನೋಡಿಕೊಳ್ಳುವುದಕ್ಕೂ ಅದೇ ಕಾವಲು ಸಾಕಾಗುತ್ತಿತ್ತು. ಅಕ್ಕಿಯ ಜೊತೆಗೆ ಘಟ್ಟದ ಕಾಳುಮೆಣಸೂ ಇದ್ದಿತು. ಆದರೆ ಮೆಣಸಿಲ್ಲದೆ ಮನುಷ್ಯ ಬದುಕಬಲ್ಲನು.

ನೆಲದ ಒಡೆತನ ಕೆಳದಿಯ ನಾಯಕರದಾಗಿತ್ತು. ವಿಜಯನಗರವು ಕುಸಿದ ಬಳಿಕ ಸ್ವತಂತ್ರರಾಗಿ ಬೆಳೆದ ಈ ಅರಸರು ಘಟ್ಟದ ಮೇಲಿನಿಂದ ಕೆಳಗಿಳಿದು ಕರಾವಳಿಯನ್ನು ಒಂದೊಂದಾಗಿ ಕೈವಶ ಮಾಡಿಕೊಂಡರು. ಅಕ್ಕಿಯ ರಫ್ತನ್ನು ನಿಲ್ಲಿಸಿದರೆ ಗೋವೆ ಉಪವಾಸ ಬೀಳುವುದೆಂದು ಅವರಿಗೆ ಗೊತ್ತು. ಆದರೆ ಅಕ್ಕಿ ಹೊರಗೆ ಹೋಗದಿದ್ದರೆ ಬಂದರುಗಳ ಸುಂಕವಿಲ್ಲ, ರೈತನ ಕೈಯಲ್ಲಿ ಹಣವಿಲ್ಲ, ಆದ್ದರಿಂದ ಅರಮನೆಯ ಭಂಡಾರಕ್ಕೆ ತೆರಿಗೆಯೂ ಇಲ್ಲ ಎಂಬುದೂ ಗೊತ್ತು. ಪೋರ್ಚುಗೀಜರು ಬಸರೂರನ್ನು ಸುಟ್ಟರೆ ನಾಳೆ ತಮಗೆ ಅಕ್ಕಿ ಮಾರುವವರಾರು? ನಾಯಕರು ದಕ್ಕೆಗಳನ್ನು ಮುಚ್ಚಿದರೆ ನಾಳೆ ಸೇನೆಗೆ ಸಂಬಳ ಕೊಡುವವರಾರು? ಒಬ್ಬನ ಜುಟ್ಟು ಇನ್ನೊಬ್ಬನ ಕೈಯಲ್ಲಿ, ಇವನ ಜುಟ್ಟು ಅವನ ಕೈಯಲ್ಲಿ. ಬಲವಾಗಿ ಎಳೆದರೆ ಇಬ್ಬರ ತಲೆಯೂ ನೋಯುತ್ತಿತ್ತು.

ಈ ಬಲಾಬಲಕ್ಕೆ ಒಂದು ಪಂಚಾಂಗವೂ ಇದ್ದಿತು. ಮೃಗಶಿರೆಯ ಮಳೆ ಹಿಡಿದ ಮೇಲೆ ನವರಾತ್ರಿಯ ಸುಮಾರಿನವರೆಗೂ ಅರಬೀ ಸಮುದ್ರದಲ್ಲಿ ಹಡಗು ನಡೆಯುತ್ತಿರಲಿಲ್ಲ. ಆ ನಾಲ್ಕು ತಿಂಗಳು ಕೋಟೆಯೊಳಗಿನ ಪೋರ್ಚುಗೀಜರಿಗೆ ಗೋವೆಯಿಂದ ಒಬ್ಬ ಸಿಪಾಯಿಯೂ ಬರುವಂತಿರಲಿಲ್ಲ. ಅದು ನೆಲದ ಒಡೆಯನ ಕಾಲ. ಮಳೆ ಹಿಂದೆಗೆದು ಕಡಲು ತಿಳಿಯಾದೊಡನೆ ನೀರಿನ ಒಡೆಯನ ಕಾಲ ಬರುತ್ತಿತ್ತು. ವರ್ಷದಲ್ಲಿ ಎರಡು ಸಾರಿ ಬಲದ ತಕ್ಕಡಿ ಹೀಗೆ ತಾನೇ ತೂಗುತ್ತಿದ್ದ ಸೀಮೆಯಲ್ಲಿ ಪೂರ್ಣ ವಿಜಯವೆಂಬ ಮಾತಿಗೆ ಅರ್ಥವಿರಲಿಲ್ಲ. ಆಳುವವರ ಜಾಣ್ಮೆಯು ತಮ್ಮ ಕಾಲ ಮುಗಿಯುವ ಮುನ್ನ ಎಷ್ಟು ದಕ್ಕಿಸಿಕೊಳ್ಳಬಹುದೆಂಬ ಲೆಕ್ಕದಲ್ಲಿತ್ತು.

ನಡುವೆ ಸಿಕ್ಕಿದವರು

ಈ ಇಬ್ಬರು ದೊಡ್ಡವರ ನಡುವೆ ತುಳುನಾಡಿನ ಹಲವು ಸಣ್ಣ ಅರಸುಮನೆಗಳಿದ್ದುವು. ನಂದಾವರದ ಬಂಗರು, ಉಳ್ಳಾಲದ ರಾಣಿ, ಮೂಲ್ಕಿಯ ಸಾವಂತರು, ಕಾರ್ಕಳದ ಭೈರರಸರು. ಕಾರ್ಕಳದವರು ಸಾಮಾನ್ಯರಲ್ಲ. 1432ರಲ್ಲಿ ಬಂಡೆಯ ನೆತ್ತಿಯ ಮೇಲೆ 42 ಅಡಿಗಳ ಗೊಮ್ಮಟನನ್ನು ನಿಲ್ಲಿಸಿದ ಮನೆತನ ಅದು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಮನೆತನ. ಆ ಬಸದಿಯ ನಾಲ್ಕು ಬಾಗಿಲುಗಳೂ ನಾಲ್ಕು ದಿಕ್ಕಿಗೆ ತೆರೆದಿವೆ. ಆದರೆ ಅದನ್ನು ಕಟ್ಟಿಸಿದ ಕೆಲವೇ ವರ್ಷಗಳಲ್ಲಿ ರಾಜಕೀಯದ ಬಾಗಿಲು ಒಂದೇ ದಿಕ್ಕಿಗೆ, ಘಟ್ಟದ ಕಡೆಗೆ, ತೆರೆಯಬೇಕಾಗಿ ಬಂದಿತು. ವೆಂಕಟಪ್ಪ ನಾಯಕನ ಕಾಲದಲ್ಲಿ ಕಾರ್ಕಳವು ಕೆಳದಿಗೆ ಕಪ್ಪ ಕೊಡುವ ಸಾಮಂತ ಸೀಮೆಯಾಯಿತು.

ಸಣ್ಣವರು ದೊಡ್ಡವರ ಜಗಳಕ್ಕೆ ಬಲಿಯಾದರೆಂದು ಮಾತ್ರ ಹೇಳಿದರೆ ಅರ್ಧ ಸತ್ಯವಾದೀತು. ದೊಡ್ಡವರನ್ನು ಮನೆಯೊಳಕ್ಕೆ ಕರೆದವರೂ ಅವರೇ. ಉಳ್ಳಾಲದ ರಾಣಿಗೂ ಅವಳು ತ್ಯಜಿಸಿದ ಪತಿ ಬಂಗರಾಜನಿಗೂ ವೈಷಮ್ಯ ಬೆಳೆದು, ಆತನು ಪೋರ್ಚುಗೀಜರ ನೆರವನ್ನು ಬೇಡಿದನು. ಅವಳು ವೆಂಕಟಪ್ಪ ನಾಯಕನನ್ನು ಕರೆದಳು. 1618ರಲ್ಲಿ ವೆಂಕಟಪ್ಪನ ದಂಡು ಬಂಗನನ್ನೂ ಅವನಿಗೆ ಬೆಂಬಲವಾಗಿದ್ದ ಪೋರ್ಚುಗೀಜರನ್ನೂ ಸೋಲಿಸಿತು. ಬಂಗನ ಸೀಮೆ ಕೆಳದಿಯ ವಶವಾಯಿತು. ಗಂಡಹೆಂಡಿರ ಮನಸ್ತಾಪವು ಎರಡು ರಾಜ್ಯಗಳ ಗಡಿಯ ವಿವಾದವಾಗಿ ಬೆಳೆದು ನಿಂತಿತು.

ಇದನ್ನು ಬಗೆಹರಿಸಲು 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಒಂದು ರಾಯಭಾರ ಹೊರಟಿತು. ಆಗಿನ ವೈಸರಾಯನು ವಾಸ್ಕೋ ಡ ಗಾಮನ ಮರಿಮಗನೇ ಆಗಿದ್ದನೆಂಬುದು ಚರಿತ್ರೆಯ ಒಂದು ವಿನೋದ. ರಾಯಭಾರಿಯ ಹೆಸರು ಜುವಾಂವ್ ಫೆರ್ನಾಂಡಿಸ್ ಲೈತಾಂವ್. ಗೋವೆಗೆ ಬಂದಿದ್ದ ವೆಂಕಟಪ್ಪನ ದೂತ ವಿಠ್ಠಲ ಶೆಣೈಯೂ ಅವರೊಡನೆ ಹಿಂದಿರುಗುತ್ತಿದ್ದನು. ನಮ್ಮ ಅದೃಷ್ಟಕ್ಕೆ ಆ ತಂಡದಲ್ಲಿ ಕೆಲಸವಿಲ್ಲದ ಒಬ್ಬ ಕುತೂಹಲಿಯೂ ಇದ್ದನು. ರೋಮಿನ ಶ್ರೀಮಂತ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, ಕಂಡದ್ದನ್ನೆಲ್ಲ ಊರಿಗೆ ಪತ್ರ ಬರೆಯುವ ಚಟದವನು. ಅವನಿಂದಾಗಿ ಒಂದು ರಾಯಭಾರದ ಒಳಮನೆ ನಮಗೆ ಕಾಣಸಿಗುತ್ತದೆ.

ಹೊನ್ನಾವರದಿಂದ ಗೇರುಸೊಪ್ಪೆಯ ಹೊಳೆಯಲ್ಲಿ ದೋಣಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ರಾಜಧಾನಿಯ ರಕ್ಷಣೆಗೆ ಕಲ್ಲಿನ ಗೋಡೆಗಿಂತ ಒತ್ತಾಗಿ ಬೆಳೆಸಿದ ಬಿದಿರಿನ ಮೆಳೆಯೇ ಹೆಚ್ಚಾಗಿದ್ದುದನ್ನು ಕಂಡು ದೆಲ್ಲಾ ವಾಲ್ಲೆ ಬೆರಗಾದನು. ಐರೋಪ್ಯನ ಕಣ್ಣಿಗೆ ಅದು ಕೋಟೆಯೇ ಅಲ್ಲ. ಆದರೆ ಬಿದಿರ ಮೆಳೆಯನ್ನು ನುಗ್ಗಿ ಹಾಯ್ದವರಿಗೆ ಅದರ ಬೆಲೆ ತಿಳಿದಿರುತ್ತದೆ. ಬೀದಿಯಲ್ಲಿ ಕೋಲಾಟವಾಡುತ್ತ ಸಾಗುವ ಹುಡುಗಿಯರ ಮೇಳಗಳನ್ನು ನೋಡಿ ಅವನು ಪುಟಗಟ್ಟಲೆ ಬರೆದನು. ರಾಯಭಾರದ ಮುಖ್ಯ ವಿಷಯಗಳು ಎರಡು: ಮೆಣಸಿನ ವ್ಯಾಪಾರವೊಂದು, ಬಂಗರಾಜನಿಗೆ ಅವನ ಸೀಮೆಯನ್ನು ಹಿಂದಿರುಗಿಸಬೇಕೆಂಬ ಕೋರಿಕೆ ಇನ್ನೊಂದು. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ತಂದುದರಲ್ಲಿಯೇ ರಾಯಭಾರಿಯ ಕೈ ಸೋತಿತ್ತು. ಮೆಣಸು ಬೇಕಾದವನು ಗದರಿಸುವಂತಿಲ್ಲ. ವೆಂಕಟಪ್ಪನು ಅವರನ್ನು ಮರ್ಯಾದೆಯಿಂದ ಕಂಡನು, ತಾಂಬೂಲ ಮೆಲ್ಲುತ್ತ ಮಾತಾಡಿದನು, ಬಂಗನ ಸೀಮೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಹಿಂದಿರುಗುವ ದಾರಿಯಲ್ಲಿ ದೆಲ್ಲಾ ವಾಲ್ಲೆ ಬಸರೂರು, ಮಂಗಳೂರುಗಳನ್ನು ಹಾಯ್ದು ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಅವಳು ಸಿಂಹಾಸನದಲ್ಲಿರಲಿಲ್ಲ, ಬರಿಗಾಲಿನಲ್ಲಿ ನಿಂತು, ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳು. ಉಡುಗೆ ನೋಡಿ ಮೂಗು ಮುರಿದ ಆ ರೋಮಿನವನು ಅವಳ ಮಾತನ್ನು ಕೇಳಿ, ಇವಳು ವಿವೇಕಿಯಾದ ರಾಣಿಯೇ ಸರಿ ಎಂದು ಒಪ್ಪಿಕೊಂಡನು. ಫಿರಂಗಿಯವರ ಹಡಗುಗಳನ್ನೂ ನಾಯಕರ ದಂಡನ್ನೂ ಎರಡು ಮಗ್ಗುಲಲ್ಲಿ ಇಟ್ಟುಕೊಂಡು ಬದುಕಬೇಕಾದವಳಿಗೆ ಗದ್ದೆಗೆ ನೀರು ಹಾಯುವುದೇ ದೊಡ್ಡ ರಾಜಕಾರಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಟೊಳ್ಳಾದ ಬೆದರಿಕೆ

ಫಿರಂಗಿ ಎಂಬ ಮಾತಿನ ಬಗೆಗೆ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ತೋಪಿಗೂ ಆ ಹೆಸರು, ತೋಪನ್ನು ತಂದವನಿಗೂ ಅದೇ ಹೆಸರು. ಆಯುಧವನ್ನು ಅದನ್ನು ತಂದ ಮನುಷ್ಯನ ಹೆಸರಿನಿಂದಲೇ ಗುರುತಿಸಿದ ಜನರ ಭಯವು ಆ ಒಂದು ಶಬ್ದದಲ್ಲಿ ಹೆಪ್ಪುಗಟ್ಟಿದೆ. ಅದೇ ಶಬ್ದವು ಸ್ವಲ್ಪ ತಿರುಗಿ ಪರಂಗಿ ಹಣ್ಣಾಗಿ ನಮ್ಮ ಹಿತ್ತಲಿಗೂ ಬಂದಿದೆಯೆನ್ನುವುದು ಬೇರೆ ಮಾತು.

ಆದರೆ ಭಯವು ಸಾಲದ ಪತ್ರದಂತೆ. ಅದರ ಹಿಂದೆ ಹಣವಿದೆಯೆಂದು ಜನ ನಂಬಿರುವವರೆಗೆ ಅದು ನಡೆಯುತ್ತದೆ. ಮಂಗಳೂರು, ಬಸರೂರು, ಹೊನ್ನಾವರಗಳ ಕೋಟೆಗಳಲ್ಲಿ ಇದ್ದ ಸೈನಿಕರು ಎಂದೂ ಬಹಳವಲ್ಲ. ಕಷ್ಟ ಬಂದರೆ ಗೋವೆಯಿಂದ ನೌಕಾಬಲ ಬರುವುದೆಂಬ ನಂಬಿಕೆಯೇ ಆ ಕೋಟೆಗಳ ನಿಜವಾದ ಗೋಡೆ. 1652ರ ಸುಮಾರಿಗೆ ಸಿಂಹಳದಲ್ಲಿ ಡಚ್ಚರೊಡನೆ ಮತ್ತೆ ಯುದ್ಧ ಹೊತ್ತಿಕೊಂಡು ಪೋರ್ಚುಗೀಜರ ಹಡಗುಗಳೂ ಹಣವೂ ಅತ್ತ ಹರಿದುಹೋದುವು. ಬಿದನೂರಿನಲ್ಲಿ ಆಗ ಶಿವಪ್ಪ ನಾಯಕನಿದ್ದನು. ಗದ್ದೆಗದ್ದೆಯ ಫಲವನ್ನು ಅಳೆಯಿಸಿ ‘ಶಿಸ್ತು’ ಗೊತ್ತುಮಾಡಿದ ಆ ಲೆಕ್ಕಾಚಾರದ ಅರಸನು ಶತ್ರುವಿನ ಬಲವನ್ನೂ ಹಾಗೆಯೇ ಅಳೆದಿರಬೇಕು. 1654 ಮುಗಿಯುವುದರೊಳಗೆ ಕರಾವಳಿಯ ಪೋರ್ಚುಗೀಜ ಕೋಟೆಗಳೆಲ್ಲ ಒಂದಾದ ಮೇಲೊಂದು ಅವನ ಕೈಸೇರಿದುವು. ಸುಮಾರು 85 ವರ್ಷಗಳ ಕಾಲ ಕರಾವಳಿಯನ್ನು ಹೆದರಿಸಿದ್ದ ಗೋಡೆಗಳು ಎರಡು ಮೂರು ವರ್ಷಗಳಲ್ಲಿ ಬರಿಯ ಕಲ್ಲುಗಳಾದುವು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ನೆಲದ ಒಡೆಯನು ಕೋಟೆಯನ್ನು ಗೆದ್ದನೇ ಹೊರತು ಕಡಲನ್ನು ಗೆಲ್ಲಲಿಲ್ಲ. 1660ರಲ್ಲಿ ಶಿವಪ್ಪ ನಾಯಕನು ತೀರಿಕೊಂಡನು. 1663ರಲ್ಲಿ ಕೊಚ್ಚಿಯು ಡಚ್ಚರ ವಶವಾಗಿ, ಪೋರ್ಚುಗೀಜರಿಗಿಂತ ಬಲವಾದ ಇನ್ನೊಂದು ಕಡಲುಶಕ್ತಿ ದಕ್ಷಿಣದಲ್ಲಿ ಕಾಲೂರಿತು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕೆಗಳು ಉತ್ತರದಿಂದ ಬಂದು ಬಸರೂರನ್ನು ಸೂರೆಮಾಡಿದುವು. ಕಡಲಿನಿಂದ ಬಂದ ಪೆಟ್ಟಿಗೆ ಬಿದನೂರಿನ ಕಾಲಾಳುಗಳೂ ಕುದುರೆಗಳೂ ಏನು ಮಾಡಿಯಾರು? ಹಳೆಯ ಶತ್ರುವು ದುರ್ಬಲನಾಗಿರುವಾಗ ಅವನನ್ನು ಪೂರ್ತಿಯಾಗಿ ಓಡಿಸುವುದಕ್ಕಿಂತ, ಹಲ್ಲು ಕಿತ್ತ ಹಾವಿನಂತೆ ಬಾಗಿಲಲ್ಲಿ ಇಟ್ಟುಕೊಳ್ಳುವುದೇ ಲೇಸೆಂದು ಬಿದನೂರಿಗೆ ತೋರಿತು.

ಕಲ್ಯಾಣಪುರದ ಇಗರ್ಜಿ

1671ರಲ್ಲಿ ಸೋಮಶೇಖರ ನಾಯಕನ ಕಾಲದಲ್ಲಿ ಒಂದು ಒಪ್ಪಂದವಾಯಿತು. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಜರು ಮತ್ತೆ ಬಂದು ನೆಲೆಸಬಹುದು. ಆದರೆ ಕೋಟೆಗಳಲ್ಲಿ ಅಲ್ಲ, ವ್ಯಾಪಾರದ ಕೋಠಿಗಳಲ್ಲಿ. ಕೋಠಿಗೆ ಒಂಟಿ ಗೋಡೆಯಿರಬಹುದು, ಬುರುಜು ಕೊತ್ತಲಗಳು ಕೂಡದು. ಇಡೀ ಒಪ್ಪಂದದ ಜೀವವು ಈ ಒಂದು ಮಾತಿನಲ್ಲಿತ್ತು. ಕಳ್ಳಕಾಕರನ್ನು ತಡೆಯುವಷ್ಟು ಗೋಡೆ ನಿನಗೆ, ನನ್ನನ್ನು ತಡೆಯುವಷ್ಟು ಬೇಡ! ಇಂದಿನ ರಾಯಭಾರಿಗಳು ಕ್ಷಿಪಣಿಗಳ ಸಂಖ್ಯೆಯನ್ನೂ ಗಡಿಯಿಂದ ತುಕಡಿಗಳು ಎಷ್ಟು ಹಿಂದೆ ಸರಿಯಬೇಕೆಂಬುದನ್ನೂ ಕುರಿತು ತಿಂಗಳುಗಟ್ಟಲೆ ವಾದಿಸುವುದು ಬೇರೇನನ್ನು ಕುರಿತೂ ಅಲ್ಲ. ಆಯುಧವಿದೆಯೋ ಇಲ್ಲವೋ ಎಂಬುದಕ್ಕಿಂತ ಅದು ಯಾರ ಮುಖಕ್ಕೆ ತಿರುಗಿದೆ ಎಂಬುದು ಅವರ ಪ್ರಶ್ನೆ.

ಸೋಮಶೇಖರನ ಬಳಿಕ ಪಟ್ಟಕ್ಕೆ ಬಂದವಳು ಅವನ ರಾಣಿ ಚೆನ್ನಮ್ಮಾಜಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದವಳೆಂದು ಶಾಲೆಯ ಮಕ್ಕಳೂ ಅವಳನ್ನು ಬಲ್ಲರು. 1678ರಲ್ಲಿ ಅವಳ ಆಳ್ವಿಕೆಯಲ್ಲಿ ಪೋರ್ಚುಗೀಜರೊಡನೆ ಆದ ಒಪ್ಪಂದವನ್ನು ಬಲ್ಲವರು ಕಡಮೆ. ಮಂಗಳೂರಿನ ಕೋಠಿಗೆ ಕಲ್ಲು ಮರಗಳ ಸರಬರಾಜು, ಗೋವೆಗೆ ಅಕ್ಕಿ, ಮಸ್ಕತ್ತಿನ ಅರಬರ ಹಡಗುಗಳಿಗೆ ಬಂದರುಗಳಲ್ಲಿ ತಡೆ, ಇವು ಬಿದನೂರು ಒಪ್ಪಿಕೊಂಡ ಮಾತುಗಳು. ಇವುಗಳ ಜೊತೆಗೆ ಮಿರ್ಜಾನ, ಚಂದಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಕ್ರೈಸ್ತರಿಗೆ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು ತನ್ನ ಸ್ಥಾಪನೆಯ ವರ್ಷವನ್ನು ಇಂದಿಗೂ 1678 ಎಂದೇ ಎಣಿಸುತ್ತದೆ. ವೀರಶೈವ ರಾಣಿಯೊಬ್ಬಳ ದರಬಾರು, ಕಥೋಲಿಕ ವೈಸರಾಯನ ಮೊಹರು, ನಡುವೆ ಅಕ್ಕಿಯ ಲೆಕ್ಕ: ಇವುಗಳಿಂದ ಹುಟ್ಟಿದ ದೇವಾಲಯವದು. ಉಡುಪಿಯಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಹೋಗುವವರು ಸ್ವರ್ಣಾ ನದಿಯ ಸೇತುವೆಗೆ ಮುಂಚೆ ಸಂತೆಕಟ್ಟೆಯನ್ನು ದಾಟುತ್ತಾರೆ. ಕಲ್ಯಾಣಪುರವು ಅದರ ಪಕ್ಕದಲ್ಲಿಯೇ ಇದೆ.

ಈ ಒಪ್ಪಂದದಲ್ಲಿ ಗೆದ್ದವರಾರು? ಓದುತ್ತ ಹೋದರೆ ಪೋರ್ಚುಗೀಜರ ಕಡೆಗೆ ತಕ್ಕಡಿ ಬಾಗಿದಂತೆ ಕಾಣುತ್ತದೆ. ಆದರೆ ಕಾಗದದಲ್ಲಿ ಬರೆದ ಮಾತು ಒಂದು, ನಡೆದುದು ಇನ್ನೊಂದು. ಅರಬರ ಹಡಗುಗಳು ಬರುವುದೇನೂ ನಿಲ್ಲಲಿಲ್ಲ, ಏಕೆಂದರೆ ಮಸ್ಕತ್ತಿನವನು ಒಳ್ಳೆಯ ಬೆಲೆ ಕೊಡುತ್ತಿದ್ದನು. ದೊಡ್ಡವರ ಒಪ್ಪಂದಗಳಲ್ಲಿ ಎದುರಾಳಿಯ ಮುಖ ಉಳಿಸಲೆಂದು ಬರೆಯುವ ಮಾತುಗಳೂ, ಬರೆಯದೆಯೇ ನಡೆಸಿಕೊಡುವ ಮಾತುಗಳೂ ಇರುತ್ತವೆ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳಿಗಾಗಿ ಅಮೆರಿಕವೂ ರಷ್ಯವೂ ಜಗತ್ತನ್ನೇ ಅಂಚಿಗೆ ತಂದು ನಿಲ್ಲಿಸಿದಾಗ, ರಷ್ಯವು ತನ್ನ ಕ್ಷಿಪಣಿಗಳನ್ನು ಹಿಂತೆಗೆದುದನ್ನು ಎಲ್ಲರೂ ಕಂಡರು. ಅಮೆರಿಕವು ತುರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ಮರುವರ್ಷ ಸದ್ದಿಲ್ಲದೆ ತೆಗೆದುದು ಆ ಗುಟ್ಟಿನ ಮಾತಿನ ಪ್ರಕಾರವೆಂಬುದು ಬಹಳ ಕಾಲ ಹೊರಬೀಳಲಿಲ್ಲ.

ಅರಬರನ್ನು ತಡೆಯುವ ಷರತ್ತು ಮಾತ್ರ ಕರಾವಳಿಯ ಜನಕ್ಕೆ ದುಬಾರಿಯಾಯಿತು. ತಡೆದರೆ ಅರಬರ ಕೋಪ, ತಡೆಯದಿದ್ದರೆ ಪೋರ್ಚುಗೀಜರ ಕೋಪ. 1695ರಲ್ಲಿ ಅರಬರು ಬಂದು ಮಂಗಳೂರಿಗೆ ಬೆಂಕಿಯಿಟ್ಟರು. ಎರಡು ರಾಜ್ಯಗಳು ಮೂರನೆಯವನ ಹೊಟ್ಟೆಯ ಮೇಲೆ ಕಾಲಿಟ್ಟು ಮಾಡಿಕೊಂಡ ಒಪ್ಪಂದಕ್ಕೆ ದಂಡ ತೆತ್ತವರು ಒಪ್ಪಂದವನ್ನು ಕಣ್ಣಿಂದಲೂ ಕಾಣದ ಅಂಗಡಿಯವರು.

1713ರ ಜನವರಿ

ಬಳಸದೆ ಇಟ್ಟಿರುವವರೆಗೆ ಬೆದರಿಕೆಗೆ ಬೆಲೆ ಎಂದು ನೀತಿಜ್ಞರು ಹೇಳುವರು. ಬಳಸಿದಾಗ ಏನಾಗುವುದೆಂಬುದನ್ನು ಕಲ್ಯಾಣಪುರವು ಕಂಡಿತು. ಬಿದನೂರಿನಲ್ಲಿ ಬಸವಪ್ಪ ನಾಯಕನಿದ್ದಾಗ ಅಕ್ಕಿ ಮತ್ತು ಅರಬರ ವಿಷಯದಲ್ಲಿ ಮನಸ್ತಾಪವು ಬೆಳೆದು, ಗೋವೆಯ ವೈಸರಾಯ ವಾಸ್ಕೋ ಫೆರ್ನಾಂಡಿಸ್ ಸೇಸರ್ ದ ಮೆನೆಜಿಸನು 1713ರ ಜನವರಿಯಲ್ಲಿ ಒಂದು ನೌಕಾದಳವನ್ನು ಕರಾವಳಿಗೆ ಕಳುಹಿದನು. ಅದು ಬಸರೂರು, ಕಲ್ಯಾಣಪುರ, ಮಂಗಳೂರುಗಳನ್ನೂ ಉತ್ತರದಲ್ಲಿ ಕುಮಟೆ ಗೋಕರ್ಣಗಳನ್ನೂ ಹಾಳುಗೆಡವುತ್ತ ಸಾಗಿತು. ಬಂದರಿನಲ್ಲಿ ನಿಂತ ಹಡಗುಗಳು ಉರಿದುವು. ಜನವರಿಯೆಂಬುದನ್ನು ಮರೆಯಬಾರದು: ಏಣೆಲಿನ ಅಕ್ಕಿ ದಕ್ಕೆಗೆ ಬಂದು ಬಿದ್ದಿರುವ ಕಾಲ, ಕಡಲು ತಿಳಿಯಾಗಿರುವ ಕಾಲ, ನೀರಿನ ಒಡೆಯನ ಕಾಲ.

ಕಲ್ಯಾಣಪುರದಲ್ಲಿ ಪೋರ್ಚುಗೀಜರ ಧರ್ಮದವರೇ ನೆಲೆಸಿದ್ದರು. ಅವರ ಇಗರ್ಜಿಗೆ 35 ವರ್ಷ ತುಂಬಿತ್ತು. ದಕ್ಕೆಯ ಬೆಂಕಿಯು ಯಾರ ಮುಡಿ ಯಾವುದೆಂದು ವಿಚಾರಿಸುವುದಿಲ್ಲ. ತಮ್ಮವರೆಂದು ಭಾವಿಸಿದ್ದ ನೌಕಾದಳದ ಹೊಗೆಯನ್ನು ಆ ಜನರು ಯಾವ ಮನಸ್ಸಿನಿಂದ ನೋಡಿದರೋ!

ಬಿದನೂರಿಗೆ ಈ ಪೆಟ್ಟು ತಾಗಿತು, ಆದರೆ ಬಿದನೂರು ಮುರಿಯಲಿಲ್ಲ; ಹಡಗುಗಳು ಘಟ್ಟ ಹತ್ತಲಾರವಷ್ಟೆ. ಸುಟ್ಟ ಬಂದರುಗಳು ಗೋವೆಗೆ ಅಕ್ಕಿಯನ್ನೂ ಕಳುಹಿಸಲಾರವು. ಇಬ್ಬರೂ ಮತ್ತೆ ಮೇಜಿನ ಬಳಿಗೆ ಬಂದರು. 1714ರ ಫೆಬ್ರವರಿಯ ಒಪ್ಪಂದದಲ್ಲಿ ಹಳೆಯ ಮಾತುಗಳೇ ಮರುಕಳಿಸಿದುವು: ಅಕ್ಕಿ, ಮಂಗಳೂರಿನ ಕೋಠಿ, ಅರಬರ ಹಡಗುಗಳಿಗೆ ತಡೆ. ಇಷ್ಟು ಬೂದಿಯ ಮೇಲೆ ನಿಂತು ಅವರು ತಲಪಿದ್ದು 36 ವರ್ಷಗಳ ಹಿಂದೆ ಚೆನ್ನಮ್ಮಾಜಿಯ ಕಾಲದಲ್ಲಿ ಒಂದೂ ಮನೆ ಸುಡದೆ ಕುಳಿತು ಬರೆದಿದ್ದ ಜಾಗಕ್ಕೇ.

ಕಾಪುವಿನ ಮನೋಹರಗಡ

ಈ ಪಾಠವನ್ನು ನೆನಪಿಟ್ಟವನು ಇನ್ನೊಬ್ಬ ಬಸವಪ್ಪ ನಾಯಕ. 1739ರಿಂದ 1754ರವರೆಗೆ ಆಳಿದವನು. ಕಾಪುವಿನಲ್ಲಿ ಮನೋಹರಗಡವನ್ನೂ, ಮಲ್ಪೆಯ ಎದುರಿನ ದ್ವೀಪದಲ್ಲಿ ದರಿಯಾ ಬಹದ್ದೂರಗಡವನ್ನೂ ಕಟ್ಟಿಸಿದವನು ಅವನೆಂದು ಪ್ರಸಿದ್ಧಿ. ಎರಡನೆಯ ಹೆಸರನ್ನು ಗಮನಿಸಬೇಕು: ಕಡಲಿನ ಶೂರನ ಕೋಟೆ. ಘಟ್ಟದ ಅರಸನು ನೀರಿನ ಒಳಕ್ಕೆ ಕಾಲಿಟ್ಟು, ಸಂತ ಮರಿಯಳ ಹೆಸರಿನ ದ್ವೀಪದ ನೆರೆಯಲ್ಲಿಯೇ, ತನ್ನ ಕಲ್ಲನ್ನು ನೆಟ್ಟನು. ಪೋರ್ಚುಗೀಜರ ಕೋಟೆಗಳು ಕಡಲಿನಿಂದ ನಾಡನ್ನು ನೋಡುತ್ತಿದ್ದುವು. ಇವು ನಾಡಿನಿಂದ ಕಡಲನ್ನು ನೋಡಿದುವು. ಸ್ವರ್ಣಾ ನದಿಯ ಮುಖದಿಂದ ಉದ್ಯಾವರದ ಹೊಳೆಯ ದಕ್ಷಿಣದವರೆಗೆ, 1713ರಲ್ಲಿ ಬರಿದಾಗಿದ್ದ ಕರಾವಳಿಗೆ, ಕಾವಲಿನ ಎರಡು ಕಣ್ಣುಗಳು ಬಂದುವು. ಇವು ಗೋವೆಯ ನೌಕಾದಳವನ್ನು ಮುಳುಗಿಸಬಲ್ಲವಾಗಿದ್ದುವೆಂದು ಯಾರೂ ಹೇಳರು. ಕಡಲಿನಿಂದ ಸುಲಭವಾಗಿ ಇಳಿಯಬಹುದೆಂದು ಲೆಕ್ಕ ಹಾಕುವವನು ಇನ್ನೊಮ್ಮೆ ಯೋಚಿಸುವಂತೆ ಮಾಡಿದರೆ ಸಾಕು. ಇಂತಹ ಕೋಟೆಯ ಕೆಲಸವೇ ಅಷ್ಟು.

ಆದರೆ ಎರಡು ಕಣ್ಣುಗಳೂ ಕಡಲನ್ನು ನೋಡುತ್ತಿರುವಾಗ ಪೆಟ್ಟು ಬೆನ್ನ ಹಿಂದಿನಿಂದ ಬಂದಿತು. 1763ರ ಜನವರಿಯಲ್ಲಿ ಹೈದರಾಲಿಯು ನೆಲದ ದಾರಿಯಲ್ಲಿ ಬಂದು ಬಿದನೂರನ್ನೇ ಹಿಡಿದನು. ಕೆಳದಿಯ ರಾಜ್ಯವು ಮುಗಿಯಿತು. ಕಾಪು ಮಲ್ಪೆಗಳ ಕೋಟೆಗಳು ಒಂದು ಗುಂಡನ್ನೂ ಹಾರಿಸುವ ಅಗತ್ಯವಿಲ್ಲದೆ ಒಡೆಯನನ್ನು ಬದಲಿಸಿದುವು.

ಹೊಸ ಒಡೆಯರು ಬಂದರೂ ಈ ಕಿರಿಯ ಕರಾವಳಿಗೆ ಹಳೆಯ ಹಣೆಬರಹ ತಪ್ಪಲಿಲ್ಲ. 1783ರಲ್ಲಿ ಇಂಗ್ಲಿಷರು ಕಡಲಿನಿಂದ ಇಳಿದು ಹೊನ್ನಾವರ, ಕುಂದಾಪುರ, ಮಂಗಳೂರುಗಳನ್ನು ಹಿಡಿದರು. ಘಟ್ಟ ಹತ್ತಿ ಬಿದನೂರನ್ನೂ ಹಿಡಿದರು. ಕೆಲವೇ ತಿಂಗಳುಗಳಲ್ಲಿ ಟೀಪುವು ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದನು. ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್ಲನ ದಂಡು. ಹೊರಗೆ ಟೀಪುವಿನ ಸೇನೆ. ಮೇಲೆ ತುಳುನಾಡಿನ ಮಳೆ. ಆಗಸ್ಟಿನಲ್ಲಿ ಕದನವಿರಾಮವಾದರೂ ಕೋಟೆಯೊಳಗಿನ ಹಸಿವಿಗೆ ವಿರಾಮವಿರಲಿಲ್ಲ. 1784ರ ಜನವರಿಯ ಕೊನೆಯಲ್ಲಿ ಕ್ಯಾಂಪ್‌ಬೆಲ್ಲನು ಕೋಟೆಯನ್ನು ಬಿಟ್ಟುಕೊಟ್ಟನು. ಮಾರ್ಚಿ 11ರಂದು ಮಂಗಳೂರಿನ ಒಪ್ಪಂದಕ್ಕೆ ರುಜು ಬಿದ್ದಿತು. ಇಂಗ್ಲಿಷರ ಮೂವರು ಕಮಿಷನರುಗಳು ಮದರಾಸಿನಿಂದ ಇಷ್ಟು ದೂರ ಟೀಪುವಿನ ಬಿಡಾರಕ್ಕೆ ನಡೆದು ಬರಬೇಕಾಯಿತೆಂಬುದನ್ನು ಅವರ ದೇಶದವರು ಬಹುಕಾಲ ಅವಮಾನವೆಂದೇ ಹೇಳಿಕೊಂಡರು. ಒಪ್ಪಂದದ ಸಾರವಾದರೋ, ಇಬ್ಬರೂ ಗೆದ್ದುದನ್ನು ಇಬ್ಬರೂ ಹಿಂದಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು. ಹೊರಟಲ್ಲಿಗೇ ಮತ್ತೆ ಬಂದು ನಿಲ್ಲುವುದರಲ್ಲಿ ಈ ಕರಾವಳಿಗೆ ಮೊದಲೇ ಅಭ್ಯಾಸವಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನೆಲಕ್ಕೂ ನೀರಿಗೂ ಒಬ್ಬನೇ ಒಡೆಯನಾದನು. ತೂಗಲು ಎರಡು ತಟ್ಟೆಗಳಿಲ್ಲದ ಮೇಲೆ ರಾಯಭಾರಗಳಿಗೂ ಕೆಲಸವಿಲ್ಲವಾಯಿತು.

ಪೋರ್ಚುಗೀಜರು ಏಷ್ಯದ ಅರಸರೊಡನೆ ಮಾಡಿಕೊಂಡ ಒಪ್ಪಂದಗಳನ್ನು ಬೀಕರ್ ಎಂಬವನು 19ನೆಯ ಶತಮಾನದ ಕೊನೆಯಲ್ಲಿ ಲಿಸ್ಬನ್ನಿನಲ್ಲಿ ಸಂಪುಟಗಳಾಗಿ ಅಚ್ಚು ಹಾಕಿಸಿದನು. ಕೆಳದಿಯ ಕಡೆಯ ಕಥೆಯನ್ನು ಅರಿಯಲು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವಿದೆ. ಆದರೆ ಕವಿಗೆ ಅಕ್ಕಿಯ ಲೆಕ್ಕಕ್ಕಿಂತ ಅರಸರ ಬಿರುದುಗಳಲ್ಲಿ ಹೆಚ್ಚು ಪ್ರೀತಿ. ಎರಡನ್ನೂ ಎದುರೆದುರು ಇಟ್ಟು ಓದುವ ಸೈರಣೆಯುಳ್ಳವರಿಗೆ ಇನ್ನೂ ಬೇಕಾದಷ್ಟು ಸಿಕ್ಕೀತು.

ಕಾಪುವಿನ ಕಡಲತಡಿಯಲ್ಲಿ ಇಂದು ಜನ ನೋಡಲು ಹೋಗುವುದು ಕೋಟೆಯನ್ನಲ್ಲ. 1901ರಲ್ಲಿ ಬಂಡೆಯ ಮೇಲೆ ಎದ್ದ ದೀಪಸ್ತಂಭವನ್ನು. ಮಲ್ಪೆಯಿಂದ ಸಂತ ಮರಿಯಳ ದ್ವೀಪಕ್ಕೆ ರಜೆಯ ದಿನಗಳಲ್ಲಿ ದೋಣಿಗಳು ತುಂಬಿ ಹೊರಡುತ್ತವೆ, ಕಂಬಕಂಬವಾಗಿ ನಿಂತ ಅಲ್ಲಿಯ ಕಲ್ಲುಗಳನ್ನು ಮಕ್ಕಳು ಹತ್ತಿ ಇಳಿಯುತ್ತಾರೆ. ದರಿಯಾ ಬಹದ್ದೂರಗಡದ ಕಡೆಗೆ ಚುಕ್ಕಾಣಿಯನ್ನು ತಿರುಗಿಸುವಂತೆ ಕೇಳುವವರು ಕಡಮೆ. ಮಳೆಗಾಲ ಬಂದೊಡನೆ ಆ ದೋಣಿಗಳೂ ನಿಲ್ಲುತ್ತವೆ. ಮಲ್ಪೆಯ ಮೀನುಗಾರರ ಯಂತ್ರದೋಣಿಗಳೂ ದಕ್ಕೆಯಲ್ಲಿ ಒತ್ತಾಗಿ ನಿಂತು, ಕಡಲು ತಿಳಿಯಾಗುವುದನ್ನು ಕಾಯುತ್ತವೆ.